ಆಟದ ಪೀರಿಯಡ್ಡನ್ನು ಕದ್ದವರು ಯಾರು?

ನಮ್ಮ ಸಮುದಾಯದ ಆಡಳಿತದಲ್ಲಿರುವ ಒಂದು ಶಾಲೆಯ ಹೆತ್ತವರ ಸಭೆ. ಪತ್ರಕರ್ತನಾಗಿ ಅಲ್ಲ, ಮಗಳೊಬ್ಬಳ ತಂದೆಯಾಗಿ ನಾನು ಅಲ್ಲಿ ಕೂತಿದ್ದೆ. ಎಸೆಸೆಲ್ಸಿ ಫಲಿತಾಂಶವನ್ನು ಶೇಕಡಾ ನೂರಕ್ಕೆ ಏರಿಸುವುದು ಹೇಗೆಂಬ ಬಗ್ಗೆ ಒಂದು ಗಂಟೆ ಚರ್ಚೆ ನಡೆಯಿತು. ಕೊನೆಯಲ್ಲಿ ಹಿಂದಿನ ಸಾಲಿನ ಬುರ್ಖಾಧಾರಿ ತಾಯಿಯೊಬ್ಬರು ಎದ್ದು ನಿಂತರು. “ಸರ್, ವೇಳಾಪಟ್ಟಿಯಲ್ಲಿ ವಾರಕ್ಕೆ ಎರಡು ಆಟದ ಪೀರಿಯಡ್ ಎಂದು ಬರೆದಿದ್ದೀರಿ. ನನ್ನ ಮಗಳು ಜೂನ್‌ನಿಂದ ಈವರೆಗೆ ಒಂದು ದಿನವೂ ಅಂಗಳಕ್ಕೆ ಇಳಿದಿಲ್ಲ. ಯಾಕೆ?” ಎಂದು ಕೇಳಿದರು.

ಆಡಳಿತ ಮಂಡಳಿಯ ಹಿರಿಯರು ನಕ್ಕರು. “ಸಹೋದರೀ, ನಮ್ಮ ಮಕ್ಕಳಿಗೆ ಆಟದಲ್ಲಿ ಆಸಕ್ತಿಯೇ ಇಲ್ಲ. ಬಿಟ್ಟರೆ ಗೋಡೆಗೊರಗಿ ಹರಟೆ ಹೊಡೆಯುತ್ತಾರೆ. ಆ ಹೊತ್ತಿನಲ್ಲಿ ನಾಲ್ಕು ಲೆಕ್ಕ ಮಾಡಿಸಿದರೆ ಅವರ ಭವಿಷ್ಯಕ್ಕೇ ಒಳ್ಳೆಯದಲ್ಲವೇ?” ಎಂದರು. ಸಭೆ ತಲೆದೂಗಿತು. ಆ ತಾಯಿ ಕೂತುಬಿಟ್ಟರು. ನಾನೂ ತುಟಿ ಬಿಚ್ಚಲಿಲ್ಲ. ಆ ಮೌನದ ಕುರಿತು ನನಗೀಗ ನಾಚಿಕೆಯಿದೆ. ಅಂದು ಸಭೆಯಲ್ಲಿ ಹೇಳಬೇಕಾಗಿದ್ದುದನ್ನು ಇಂದು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಮಕ್ಕಳಿಗೆ ಆಟದಲ್ಲಿ ಆಸಕ್ತಿಯಿಲ್ಲ ಎಂಬ ಈ ಮಾತು ನಿಜವೇ? ಈದ್‌ನ ಮಧ್ಯಾಹ್ನ ನಿಮ್ಮ ಬೀದಿಯನ್ನೊಮ್ಮೆ ನೋಡಿ. ಹೊಸ ಬಟ್ಟೆಗೆ ಮಣ್ಣು ಮೆತ್ತಿಕೊಂಡು, ಪ್ಲಾಸ್ಟಿಕ್ ಚೆಂಡಿನ ಹಿಂದೆ ಓಡುವ ಮಕ್ಕಳು ಯಾರವರು? ಉಸ್ತಾದರು ತರಗತಿಗೆ ಬರಲು ಐದು ನಿಮಿಷ ತಡವಾದರೆ ಮದ್ರಸದ ಅಂಗಳದಲ್ಲಿ ಲಗೋರಿ ಶುರುವಾಗುವುದಿಲ್ಲವೇ? ಎರಡನೇ ತರಗತಿಯ ಮಗುವಿಗೆ ಆಟದ ಗಂಟೆ ಕೇಳಿದರೆ ಸಾಕು, ಚಪ್ಪಲಿ ಹಾಕಿಕೊಳ್ಳುವಷ್ಟೂ ತಾಳ್ಮೆಯಿರುವುದಿಲ್ಲ. ಅದೇ ಮಗು ಎಂಟನೇ ತರಗತಿಗೆ ಬರುವಾಗ ಗೋಡೆಗೊರಗಿ ಕೂರುತ್ತದೆ. ಎರಡಕ್ಕೂ ಎಂಟಕ್ಕೂ ನಡುವಿನ ಆರು ವರ್ಷಗಳಲ್ಲಿ ಆ ಮಗುವಿಗೆ ಆದುದೇನು? ಅಲ್ಲಾಹನು ಕೊಟ್ಟು ಕಳುಹಿಸಿದ ಆಸಕ್ತಿ ತಾನಾಗಿಯೇ ಬತ್ತಿತೇ, ಅಥವಾ ಯಾರಾದರೂ ಕದ್ದರೇ?

ಕದಿಯಲಾಗಿದೆ ಎಂಬುದು ನನ್ನ ವಾದ. ಕದ್ದವರು ಹೊರಗಿನವರಲ್ಲ. ಶಾಲೆಯ ಆಡಳಿತ ಮಂಡಳಿ, ಶಿಕ್ಷಕರು, ಮನೆಯವರು, ಮಸೀದಿ ಮದ್ರಸಗಳ ಹೊಣೆ ಹೊತ್ತವರು - ಹೀಗೆ ನಾವೆಲ್ಲರೂ ಸೇರಿ ನಡೆಸಿದ ಕಳ್ಳತನವಿದು.

ಮೈದಾನ ನುಂಗಿದವರು

ಮೊದಲು ಆಡಳಿತ ಮಂಡಳಿಗಳ ಬಗ್ಗೆ. ಕಳೆದ ಮೂರು ದಶಕಗಳಲ್ಲಿ ನಮ್ಮ ಪಟ್ಟಣಗಳಲ್ಲಿ ಎಷ್ಟೊಂದು ಶಾಲೆಗಳು ಎದ್ದು ನಿಂತವು! ಗಲ್ಫ್‌ನಲ್ಲಿ ಬೆವರು ಸುರಿಸಿದವರ ಹಣ, ಊರ ಉದಾರಿಗಳ ದಾನ, ಹಗಲಿರುಳು ದುಡಿದ ಹಿರಿಯರ ಶ್ರಮ ಅದರ ಹಿಂದಿದೆ. ಅವರಿಗೆ ಅಲ್ಲಾಹನು ಪ್ರತಿಫಲ ನೀಡಲಿ. ಆದರೆ ಇವುಗಳಲ್ಲಿ ಅನೇಕ ಶಾಲೆಗಳಲ್ಲಿ ನಡೆದದ್ದೇನು? ಆರಂಭದಲ್ಲಿ ಒಂದು ಕಟ್ಟಡ ಮತ್ತು ಅದರ ಮುಂದೆ ಅಂಗಳ. ಮಕ್ಕಳ ಸಂಖ್ಯೆ ಹೆಚ್ಚಿದಂತೆ ಅಂಗಳದ ಒಂದು ಬದಿಯಲ್ಲಿ ಹೊಸ ಬ್ಲಾಕ್, ಇನ್ನೊಂದು ಬದಿಯಲ್ಲಿ ಬಸ್ಸುಗಳ ಸಾಲು, ರಸ್ತೆಯ ಬದಿಯಲ್ಲಿ ಬಾಡಿಗೆಯ ಅಂಗಡಿಗಳು. ಉಳಿದ ಜಾಗಕ್ಕೆ ಇಂಟರ್‌ಲಾಕ್. ಬಿದ್ದರೆ ಮೊಣಕಾಲು ಸುಲಿಯುವ ಆ ನೆಲದಲ್ಲಿ ಬೆಳಗ್ಗಿನ ಅಸೆಂಬ್ಲಿಯನ್ನು ಬಿಟ್ಟರೆ ಬೇರೇನೂ ನಡೆಯುವುದಿಲ್ಲ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನು ಓದಿದವರಿಗೆ ಗೊತ್ತು, ಶಾಲೆಯೆಂದರೆ ಏನೇನಿರಬೇಕೆಂಬ ಪಟ್ಟಿಯಲ್ಲಿ ಕುಡಿಯುವ ನೀರು, ಶೌಚಾಲಯ, ಗ್ರಂಥಾಲಯದ ಜೊತೆಗೇ ಆಟದ ಮೈದಾನವೂ ಇದೆ. ಪ್ರತಿ ತರಗತಿಗೂ ಅಗತ್ಯವಿರುವಷ್ಟು ಕ್ರೀಡಾ ಸಾಮಗ್ರಿ ಒದಗಿಸಬೇಕೆಂದೂ ಅದು ಹೇಳುತ್ತದೆ. ನೂರಕ್ಕಿಂತ ಹೆಚ್ಚು ಮಕ್ಕಳಿರುವ ಹಿರಿಯ ಪ್ರಾಥಮಿಕ ಶಾಲೆಗೆ ಆರೋಗ್ಯ ಮತ್ತು ದೈಹಿಕ ಶಿಕ್ಷಣದ ಬೋಧಕರು ಅರೆಕಾಲಿಕವಾಗಿಯಾದರೂ ಬೇಕು. ಆದರೆ ಈ ವಿಷಯವೆತ್ತಿದರೆ ನಮ್ಮ ಮಂಡಳಿಗಳು 2014ರ ಪ್ರಮತಿ ತೀರ್ಪನ್ನು ಗುರಾಣಿಯಂತೆ ಹಿಡಿಯುತ್ತವೆ. ಅಲ್ಪಸಂಖ್ಯಾತ ಶಾಲೆಗಳಿಗೆ ಈ ಕಾಯ್ದೆ ಅನ್ವಯಿಸದು ಎಂದು ಆ ವರ್ಷ ಸುಪ್ರೀಂ ಕೋರ್ಟು ಹೇಳಿದ್ದು ಹೌದು. 2025ರಲ್ಲಿ ಅದೇ ನ್ಯಾಯಾಲಯದ ಇನ್ನೊಂದು ಪೀಠವು ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ ವಿಷಯವನ್ನು ಮುಖ್ಯ ನ್ಯಾಯಮೂರ್ತಿಯವರ ಮುಂದಿಟ್ಟದ್ದೂ ಹೌದು. ಕಾನೂನಿನ ಜಗಳ ಅತ್ತ ಇರಲಿ. ಸಂವಿಧಾನದ 30ನೇ ವಿಧಿಯು ನಮಗೆ ಶಾಲೆ ನಡೆಸುವ ಹಕ್ಕನ್ನು ಕೊಟ್ಟದ್ದು ನಮ್ಮ ಮಕ್ಕಳನ್ನು ಚೆನ್ನಾಗಿ ಬೆಳೆಸಲಿಕ್ಕೋ, ಅವರ ಅಂಗಳದಲ್ಲಿ ಅಂಗಡಿ ಕಟ್ಟಲಿಕ್ಕೋ? ಇದಕ್ಕೆ ಉತ್ತರಿಸಲು ಸುಪ್ರೀಂ ಕೋರ್ಟು ಬೇಕಿಲ್ಲ.

ಮೈದಾನ ಇರುವ ಶಾಲೆಗಳಲ್ಲಾದರೂ ಸ್ಥಿತಿ ಉತ್ತಮವಿದೆಯೇ? ಗಣಿತದ ಪಾಠ ಮುಗಿದಿಲ್ಲವೆಂದಾದರೆ ಆಟದ ಪೀರಿಯಡ್ಡು ಗಣಿತಕ್ಕೆ. ವಿಜ್ಞಾನದ ಪರೀಕ್ಷೆ ಹತ್ತಿರವಿದ್ದರೆ ವಿಜ್ಞಾನಕ್ಕೆ. ಆಟಕ್ಕಾಗಿ ಗಣಿತದ ಪೀರಿಯಡ್ಡನ್ನು ಬಿಟ್ಟುಕೊಟ್ಟ ಶಾಲೆಯನ್ನು ನೀವು ಎಂದಾದರೂ ಕಂಡಿದ್ದೀರಾ? ಇನ್ನು ದೈಹಿಕ ಶಿಕ್ಷಣ ಶಿಕ್ಷಕರ ಪಾಡು. ಬಸ್ಸಿಗೆ ಮಕ್ಕಳನ್ನು ಹತ್ತಿಸುವುದು, ಫೀಸು ಬಾಕಿಯಿರುವವರ ಪಟ್ಟಿ ಹಂಚುವುದು, ತಡವಾಗಿ ಬಂದವರನ್ನು ಗೇಟಿನಲ್ಲಿ ನಿಲ್ಲಿಸುವುದು, ಸಮಾರಂಭಗಳಿಗೆ ಕುರ್ಚಿ ಜೋಡಿಸುವುದು. ಪಾಠ ಮಾಡುವುದೊಂದನ್ನು ಬಿಟ್ಟು ಉಳಿದೆಲ್ಲ ಕೆಲಸವೂ ಅವರದ್ದೇ. ವರ್ಷಕ್ಕೊಮ್ಮೆ ವಲಯ ಮಟ್ಟದ ಕ್ರೀಡಾಕೂಟ ಬಂದಾಗ ಮಾತ್ರ “ಏನು ಮಾಷ್ಟ್ರೇ, ಒಂದು ಕಪ್ಪೂ ಬರಲಿಲ್ಲವಲ್ಲ?” ಎಂದು ಅವರನ್ನೇ ಹಂಗಿಸುತ್ತಾರೆ.

ಹನ್ನೊಂದು ಮಂದಿ ಮತ್ತು ಉಳಿದವರು

ಎಲ್ಲ ತಪ್ಪನ್ನೂ ಮಂಡಳಿಗಳ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಆಟದ ಪೀರಿಯಡ್ ನಿಯಮಿತವಾಗಿ ನಡೆಯುವಲ್ಲಿಯೂ ಹೆಚ್ಚಿನ ಮಕ್ಕಳು ಆಡುವುದಿಲ್ಲ ಎಂಬುದು ವಾಸ್ತವ. ಯಾಕೆಂದು ತಿಳಿಯಬೇಕಾದರೆ ಅಂಗಳದ ಬದಿಯಲ್ಲಿ ನಲ್ವತ್ತು ನಿಮಿಷ ನಿಂತು ನೋಡಬೇಕು. ತರಗತಿಯಲ್ಲಿ ಅರುವತ್ತು ಮಕ್ಕಳು, ಚೆಂಡು ಒಂದು. ಇಬ್ಬರು ನಾಯಕರು ತಮ್ಮ ತಮ್ಮ ತಂಡಕ್ಕೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತಾರೆ. ಚುರುಕಾದವರು ಮೊದಲು ಹೋಗುತ್ತಾರೆ. ಕೊನೆಗೆ ಒಬ್ಬ ದಪ್ಪ ಹುಡುಗ, ಒಬ್ಬ ಕನ್ನಡಕದ ಹುಡುಗ, ಒಬ್ಬ ನಿಧಾನಿ ಉಳಿಯುತ್ತಾರೆ. “ನೀನೇ ಇಟ್ಟುಕೋ”, “ನನಗೆ ಬೇಡ, ನೀನೇ ಇಟ್ಟುಕೋ” ಎಂದು ಅವರ ಕಣ್ಣೆದುರೇ ಚೌಕಾಸಿ ನಡೆಯುತ್ತದೆ. ಮುಂದಿನ ವಾರ ಆ ಮೂವರಿಗೂ ಹೊಟ್ಟೆನೋವು ಬಂದರೆ ಅದರಲ್ಲಿ ಆಶ್ಚರ್ಯವೇನಿದೆ?

ಇದಕ್ಕಿಂತಲೂ ದೊಡ್ಡ ಅನ್ಯಾಯ ಇನ್ನೊಂದಿದೆ. ಮನೆಪಾಠ ಬರೆಯದವನಿಗೆ ಶಿಕ್ಷೆ: ಮೈದಾನಕ್ಕೆ ಐದು ಸುತ್ತು ಓಡು! ಮಾತನಾಡಿದವನಿಗೆ ಶಿಕ್ಷೆ: ಇಪ್ಪತ್ತು ಬಸ್ಕಿ! ಓಟ ಮತ್ತು ವ್ಯಾಯಾಮವನ್ನು ಶಿಕ್ಷೆಯಾಗಿ ಹತ್ತು ವರ್ಷ ಉಣಿಸಿ, ಅದರ ಮೇಲೆ ಪ್ರೀತಿ ಹುಟ್ಟಲಿಲ್ಲವೆಂದು ಹಳಿಯುವ ನಮ್ಮ ಬುದ್ಧಿಗೆ ಏನೆನ್ನಬೇಕು? ಕುರ್‌ಆನ್ ಪಾರಾಯಣವನ್ನು ನಾವು ಎಂದಾದರೂ ಶಿಕ್ಷೆಯಾಗಿ ಕೊಡುತ್ತೇವೆಯೇ?

ಮಕ್ಕಳ ಒಳಗಿನ ಪ್ರೇರಣೆಯ ಬಗ್ಗೆ ಮನಶ್ಶಾಸ್ತ್ರಜ್ಞರು ಅರ್ಧ ಶತಮಾನದಿಂದ ಅಧ್ಯಯನ ನಡೆಸಿದ್ದಾರೆ. ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಎಂಬ ಅಮೆರಿಕದ ವಿದ್ವಾಂಸರು ಕಂಡುಕೊಂಡ ಸತ್ಯ ಸರಳವಾದದ್ದು. ಯಾವುದೇ ಕೆಲಸದಲ್ಲಿ ಮನುಷ್ಯನಿಗೆ ಆಸಕ್ತಿ ಉಳಿಯಬೇಕಾದರೆ ಮೂರು ಸಂಗತಿಗಳು ಬೇಕು: ಇದು ನಾನೇ ಆರಿಸಿಕೊಂಡದ್ದು ಎಂಬ ಭಾವ, ಇದು ನನ್ನಿಂದ ಆಗುತ್ತದೆ ಎಂಬ ಭರವಸೆ, ಇಲ್ಲಿರುವವರು ನನ್ನವರು ಎಂಬ ನೆಮ್ಮದಿ. ನಮ್ಮ ಆಟದ ಪೀರಿಯಡ್ಡಿನಲ್ಲಿ ಗೋಡೆಗೊರಗಿದ ಆ ಮಗುವಿಗೆ ಈ ಮೂರರಲ್ಲಿ ಯಾವುದು ಸಿಕ್ಕಿದೆ? ಆಯ್ಕೆ ಮಾಷ್ಟ್ರದ್ದು, ಸಾಮರ್ಥ್ಯದ ಪ್ರಮಾಣಪತ್ರ ನಾಯಕನದ್ದು, ನಗು ಉಳಿದವರದ್ದು.

ಬಹುಮಾನ ಹೆಚ್ಚಿಸಿದರೆ ಮಕ್ಕಳು ತಾವಾಗಿ ಬರುತ್ತಾರೆ ಎನ್ನುವವರಿದ್ದಾರೆ. 1973ರಲ್ಲಿ ಅಮೆರಿಕದ ಮೂವರು ಸಂಶೋಧಕರು ಚಿತ್ರ ಬಿಡಿಸುವುದನ್ನು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳ ಮೇಲೆ ಒಂದು ಪ್ರಯೋಗ ನಡೆಸಿದರು. ಕೆಲವರಿಗೆ, ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುವೆವೆಂದು ಮೊದಲೇ ಹೇಳಿ ಹಾಗೆಯೇ ಕೊಟ್ಟರು. ಉಳಿದವರಿಗೆ ಅಂಥ ಆಸೆ ತೋರಿಸಲಿಲ್ಲ. ಒಂದೆರಡು ವಾರಗಳ ಬಳಿಕ ನೋಡಿದರೆ, ಪ್ರಶಸ್ತಿಗಾಗಿ ಬಿಡಿಸಿದವರು ಬಣ್ಣದ ಪೆನ್ನುಗಳ ಬಳಿ ಕಳೆದ ಸಮಯ ಉಳಿದವರ ಅರ್ಧದಷ್ಟಕ್ಕೆ ಇಳಿದಿತ್ತು! ಪ್ರೀತಿಯಿಂದ ಮಾಡುತ್ತಿದ್ದುದು ಕೂಲಿಯ ಕೆಲಸವಾಗಿಬಿಟ್ಟಿತ್ತು. ನಮ್ಮ ವಾರ್ಷಿಕ ಕ್ರೀಡಾಕೂಟಗಳನ್ನೊಮ್ಮೆ ನೆನಪಿಸಿಕೊಳ್ಳಿ. ಎಂಟುನೂರು ಮಕ್ಕಳಲ್ಲಿ ಅರುವತ್ತು ಮಂದಿಗೆ ಪದಕ, ಉಳಿದವರಿಗೆ ಬಿಸಿಲಿನಲ್ಲಿ ಕೂತು ಚಪ್ಪಾಳೆ ತಟ್ಟುವ ಕೆಲಸ, ವೇದಿಕೆಯಲ್ಲಿ ಗಣ್ಯರ ಭಾಷಣ. ಅದನ್ನೇ ನಾವು ದೈಹಿಕ ಶಿಕ್ಷಣವೆಂದು ವರದಿಯಲ್ಲಿ ಬರೆದುಕೊಳ್ಳುತ್ತೇವೆ.

ಬಿಲ್ಲು ಕೆಳಗಿಟ್ಟವರನ್ನು ಮತ್ತೆ ಎಬ್ಬಿಸಿದ ಮಾತು

ಈ ವಿಷಯದಲ್ಲಿ ಪಾಶ್ಚಾತ್ಯ ವಿದ್ವಾಂಸರ ಬಳಿಗೆ ಹೋಗುವ ಮೊದಲು ನಾವು ನಮ್ಮ ಮನೆಯ ಕಪಾಟನ್ನೇ ತೆರೆಯಬೇಕಿತ್ತು. ಸಹೀಹುಲ್ ಬುಖಾರಿಯಲ್ಲಿ ಸಲಮಾ ಬಿನ್ ಅಲ್ ಅಕ್ವಅ್(ರ) ವರದಿ ಮಾಡಿರುವ ಘಟನೆಯೊಂದಿದೆ. ಮದ್ರಸದಲ್ಲಿ ನಾನದನ್ನು ಓದಿದ್ದೆ. ಆದರೆ ಅದರ ಆಳ ನನಗೆ ತಿಳಿದದ್ದು ಬಹಳ ತಡವಾಗಿ.

ಅಸ್ಲಮ್ ಗೋತ್ರದ ಒಂದು ಗುಂಪು ಬಿಲ್ಲುವಿದ್ಯೆಯ ಸ್ಪರ್ಧೆಯಲ್ಲಿ ತೊಡಗಿತ್ತು. ಆ ದಾರಿಯಾಗಿ ಬಂದ ಪ್ರವಾದಿ(ಸ)ರು ಅವರನ್ನು ಹುರಿದುಂಬಿಸಿದರು. ಅವರ ಪಿತಾಮಹ ಇಸ್ಮಾಈಲ್(ಅ)ರೂ ಬಿಲ್ಲುಗಾರರಾಗಿದ್ದರೆಂದು ನೆನಪಿಸಿ, ತಾನು ಇಂಥ ಪಕ್ಷದವರ ಜೊತೆಗಿದ್ದೇನೆ ಎಂದರು. ತಕ್ಷಣ ಎದುರು ಪಕ್ಷದವರು ಬಾಣ ಬಿಡುವುದನ್ನು ನಿಲ್ಲಿಸಿದರು. ಯಾಕೆ ನಿಲ್ಲಿಸಿದಿರೆಂದು ಪ್ರವಾದಿ(ಸ) ವಿಚಾರಿಸಿದರು. ತಾವು ಅವರ ಜೊತೆಗಿರುವಾಗ ನಾವು ಬಾಣ ಬಿಡುವುದಾದರೂ ಹೇಗೆ ಎಂಬುದು ಅವರ ಉತ್ತರವಾಗಿತ್ತು. ಆಗ ಪ್ರವಾದಿ(ಸ)ರು, ಬಾಣ ಬಿಡಿ, ನಾನು ನಿಮ್ಮೆಲ್ಲರ ಜೊತೆಗಿದ್ದೇನೆ ಎಂಬರ್ಥದ ಮಾತನ್ನಾಡಿದರು.

ಓದುಗರು ಇಲ್ಲೊಂದು ಕ್ಷಣ ನಿಲ್ಲಬೇಕು. ಬಿಲ್ಲು ಕೆಳಗಿಟ್ಟ ಆ ಜನರಿಗೆ ಬಿಲ್ಲುವಿದ್ಯೆಯಲ್ಲಿ ಆಸಕ್ತಿ ಇರಲಿಲ್ಲವೇ? ಕ್ಷಣದ ಹಿಂದಿನವರೆಗೂ ಅವರು ಉತ್ಸಾಹದಿಂದ ಬಾಣ ಬಿಡುತ್ತಿದ್ದವರೇ. ತಮ್ಮ ಪ್ರೀತಿಯ ನಾಯಕ ಎದುರು ಪಕ್ಷದಲ್ಲಿದ್ದಾರೆ ಎಂದು ತಿಳಿದೊಡನೆ ಅವರ ಕೈ ಸೋತಿತು. ಪ್ರವಾದಿ(ಸ) ಅವರನ್ನು ಆಲಸಿಗಳೆಂದು ಜರೆಯಲಿಲ್ಲ. ಆಸಕ್ತಿಯಿಲ್ಲದವರೆಂದು ಬಿಟ್ಟು ಮುಂದೆ ಸಾಗಲಿಲ್ಲ. ಯಾಕೆ ನಿಲ್ಲಿಸಿದಿರೆಂದು ಅವರಲ್ಲೇ ಕೇಳಿದರು, ಅವರ ಉತ್ತರವನ್ನು ಆಲಿಸಿದರು, ಬಳಿಕ ತಮ್ಮ ನಿಲುವನ್ನು ವಿಶಾಲಗೊಳಿಸಿದರು. ನಮ್ಮ ಶಾಲೆಗಳ ಅಂಗಳಗಳಲ್ಲಿ ನಡೆಯಬೇಕಾದ ಕೆಲಸ ಇದುವೇ. ಗೋಡೆಗೊರಗಿದ ಮಗುವಿನ ಬಳಿ ಹೋಗಿ ಯಾಕೆ ಆಡುವುದಿಲ್ಲವೆಂದು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿಯಿದ್ದೇವೆ? ನಾನು ನಿನ್ನ ಜೊತೆಗೂ ಇದ್ದೇನೆ ಎಂದು ಹೇಳಿದ ಶಿಕ್ಷಕರು ಎಷ್ಟು ಮಂದಿ?

ಹೀಗೆ ಹೇಳಬಲ್ಲ ಶಿಕ್ಷಕ ಏನನ್ನು ಸಾಧಿಸಬಲ್ಲ ಎಂಬುದಕ್ಕೆ ನಮ್ಮ ದೇಶದಲ್ಲೇ ನಿದರ್ಶನವಿದೆ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್. ಕಲಾ ಪದವೀಧರರಾಗಿ ಶಾಲಾ ಶಿಕ್ಷಕರಾಗಿದ್ದ ಅವರು ಬಳಿಕ ದೈಹಿಕ ಶಿಕ್ಷಣದ ತರಬೇತಿ ಪಡೆದವರು. 1950ರಿಂದ 1963ರಲ್ಲಿ ತೀರಿಕೊಳ್ಳುವವರೆಗೆ ಭಾರತದ ಫುಟ್‌ಬಾಲ್ ತಂಡವನ್ನು ಪಳಗಿಸಿದರು. 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ. ಅಂಥ ಸಾಧನೆಯನ್ನು ಆ ಬಳಿಕ ನಮ್ಮ ಫುಟ್‌ಬಾಲ್ ಕಂಡಿಲ್ಲ. ಆದರೆ ಚಿನ್ನಕ್ಕಿಂತಲೂ ನನ್ನ ಮನಸ್ಸನ್ನು ಸೆಳೆದದ್ದು ಕಿರಿಯರಿಗೆ ಅವರು ಆಟ ಕಲಿಸಿದ ರೀತಿ. ಸಣ್ಣ ಸಣ್ಣ ತಂಡಗಳ ಪಂದ್ಯ ನಡೆಸುತ್ತಿದ್ದರು. ಚೆಂಡನ್ನು ತನ್ನಲ್ಲೇ ಇಟ್ಟುಕೊಳ್ಳದೆ ಜೊತೆಗಾರನಿಗೆ ಕೊಡಲೇಬೇಕೆಂಬ ಪಂದ್ಯ, ದುರ್ಬಲ ಕಾಲಿನಿಂದಲೇ ಒದೆಯಬೇಕೆಂಬ ಪಂದ್ಯ ಏರ್ಪಡಿಸುತ್ತಿದ್ದರು. ದುರ್ಬಲ ಕಾಲಿನ ಪಂದ್ಯದಲ್ಲಿ ಯಾರು ದೊಡ್ಡವರು, ಯಾರು ಚಿಕ್ಕವರು? ಅಲ್ಲಿ ಎಲ್ಲರೂ ಕಲಿಯುವವರೇ. ಸಣ್ಣ ತಂಡದಲ್ಲಿ ಚೆಂಡು ಸಿಗದೆ ಉಳಿಯುವ ಮಗು ಯಾವುದು? ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಅನುದಾನ ಬೇಕಿಲ್ಲ. ಐದಾರು ಚೆಂಡು ಮತ್ತು ಮನಸ್ಸಿರುವ ಒಬ್ಬ ಶಿಕ್ಷಕ ಸಾಕು.

ನಮ್ಮ ಹೆಣ್ಣುಮಕ್ಕಳು ಎಲ್ಲಿ?

ಇನ್ನು, ಮಾತನಾಡಲು ನಾವೆಲ್ಲ ಹಿಂಜರಿಯುವ ವಿಷಯ. ಗಂಡುಮಕ್ಕಳಿಗೆ ಬೀದಿಯಾದರೂ ಇದೆ, ಸಂಜೆಯ ಗದ್ದೆಯಾದರೂ ಇದೆ. ಹೆಣ್ಣುಮಕ್ಕಳಿಗೆ ಏನಿದೆ? ಐದನೇ ತರಗತಿಯವರೆಗೆ ಖೋ ಖೋ ಆಡಿದ ಹುಡುಗಿಗೆ ಆರನೇ ತರಗತಿಗೆ ಬರುತ್ತಲೇ, “ನೀನೀಗ ದೊಡ್ಡವಳಾದೆ” ಎಂಬ ಒಂದೇ ಮಾತಿನಲ್ಲಿ ಅಂಗಳದ ಬಾಗಿಲು ಮುಚ್ಚುತ್ತದೆ. ನಮ್ಮ ಕೆಲವು ಶಾಲೆಗಳ ಕ್ರೀಡಾಕೂಟದಲ್ಲಿ ಹೆಣ್ಣುಮಕ್ಕಳ ಪಾತ್ರವೆಂದರೆ ಪದಕದ ತಟ್ಟೆ ಹಿಡಿದು ನಿಲ್ಲುವುದು ಮಾತ್ರ. ಬಳಿಕ ನಾವೇ ಹೇಳುತ್ತೇವೆ, ಹುಡುಗಿಯರಿಗೆ ಆಟದಲ್ಲಿ ಆಸಕ್ತಿಯಿಲ್ಲ!

2022ರಲ್ಲಿ ಈ ರಾಜ್ಯದಲ್ಲಿ ಏನು ನಡೆಯಿತೆಂಬುದನ್ನು ಯಾರೂ ಮರೆತಿಲ್ಲ. ತಲೆಯ ಮೇಲಿನ ಒಂದು ಗಜ ಬಟ್ಟೆಗಾಗಿ ನಮ್ಮ ಹೆಣ್ಣುಮಕ್ಕಳನ್ನು ತರಗತಿಯ ಹೊರಗೆ ನಿಲ್ಲಿಸಲಾಯಿತು. ಮಾರ್ಚ್ 15ರಂದು ಹೈಕೋರ್ಟು ಅವರ ಅರ್ಜಿಗಳನ್ನು ತಳ್ಳಿಹಾಕಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಆಗ ಇಡೀ ಸಮುದಾಯ ಒಂದೇ ಧ್ವನಿಯಲ್ಲಿ ಹೇಳಿದ್ದು, ಬಟ್ಟೆಯ ನೆಪದಲ್ಲಿ ಹೆಣ್ಣುಮಗುವಿನ ಹಕ್ಕನ್ನು ಕಸಿಯಬೇಡಿ ಎಂದು. ನಾನೂ ಹೇಳಿದ್ದೆ, ಇಂದಿಗೂ ಹೇಳುತ್ತೇನೆ. ಹಾಗಿದ್ದರೆ ನಮ್ಮದೇ ಶಾಲೆಯಲ್ಲಿ, ನಮ್ಮದೇ ಗೇಟಿನೊಳಗೆ, ಅದೇ ಬಟ್ಟೆಯ ನೆಪವೊಡ್ಡಿ ಅವಳಿಂದ ಆಟವನ್ನು ಕಸಿಯುವ ಅಧಿಕಾರವನ್ನು ನಮಗೆ ಕೊಟ್ಟವರು ಯಾರು?

ಪರ್ದಾ ಮತ್ತು ಆಟ ಒಟ್ಟಿಗೆ ಸಾಗವು ಎನ್ನುವವರಿಗೆ ಪ್ರವಾದಿ(ಸ)ರ ಬದುಕಿನಲ್ಲೇ ಉತ್ತರವಿದೆ. ಪ್ರಯಾಣವೊಂದರಲ್ಲಿ ಅವರು ಪತ್ನಿ ಆಯಿಶಾ(ರ)ರೊಂದಿಗೆ ಓಟದ ಸ್ಪರ್ಧೆ ನಡೆಸಿದರು. ಆಯಿಶಾ(ರ) ಗೆದ್ದರು. ವರ್ಷಗಳ ಬಳಿಕ ಇನ್ನೊಮ್ಮೆ ಓಡಿದಾಗ ಪ್ರವಾದಿ(ಸ) ಗೆದ್ದು, ಇದು ಅಂದಿನ ಸೋಲಿಗೆ ಪ್ರತಿಯಾಗಿ ಎಂದು ವಿನೋದವಾಡಿದರು. ಈ ಕತೆಯನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಮುಸ್ನದ್ ಅಹ್ಮದ್‌ನ ವರದಿಯಲ್ಲಿರುವ ಒಂದು ಸಣ್ಣ ವಿವರವನ್ನು ಗಮನಿಸಿದ್ದೇವೆಯೇ? ಓಟಕ್ಕೆ ಮೊದಲು ಅವರು ಜೊತೆಗಿದ್ದ ಜನರಿಗೆ ಮುಂದೆ ಸಾಗುವಂತೆ ಹೇಳಿದ್ದರು. ಜನರಿದ್ದಾರೆ, ಆದ್ದರಿಂದ ಓಟ ಬೇಡ ಎನ್ನಲಿಲ್ಲ. ಜನರನ್ನು ಮುಂದೆ ಕಳುಹಿಸಿ ಓಟಕ್ಕೆ ಜಾಗ ಮಾಡಿಕೊಟ್ಟರು! ನಮ್ಮ ಆಡಳಿತ ಮಂಡಳಿಗಳು ಅನುಸರಿಸಬೇಕಾದ ಮಾದರಿ ಇದಲ್ಲವೇ? ಅಂಗಳದ ಒಂದು ಬದಿಗೆ ಗೋಡೆಯೆತ್ತಿ. ಒಬ್ಬ ಮಹಿಳಾ ದೈಹಿಕ ಶಿಕ್ಷಣ ಶಿಕ್ಷಕಿಯನ್ನು ನೇಮಿಸಿ. ಆಟಕ್ಕೆ ಒಪ್ಪುವ ಸಡಿಲವಾದ, ಮೈಮುಚ್ಚುವ ಉಡುಪನ್ನು ನಿಗದಿಪಡಿಸಿ. ಮದುವೆ ಹಾಲ್ ಕಟ್ಟಲು ಹಣ ಒದಗುತ್ತದೆಂದಾದರೆ ಇದಕ್ಕೆ ಒದಗದೇ?

ಹೊರಗಿನ ಜಗತ್ತಾದರೂ ಈ ವಿಷಯದಲ್ಲಿ ನಮಗಿಂತ ಮುಂದೆ ಸಾಗಿದೆ. ಹಿಜಾಬ್ ಧರಿಸಿದ್ದಕ್ಕಾಗಿ 2011ರಲ್ಲಿ ಇರಾನಿನ ಮಹಿಳಾ ಫುಟ್‌ಬಾಲ್ ತಂಡ ಒಲಿಂಪಿಕ್ ಅರ್ಹತಾ ಪಂದ್ಯವನ್ನು ಆಡಲಾಗದೆ ಕಣ್ಣೀರು ಹಾಕಿತ್ತು. 2014ರಲ್ಲಿ ಫುಟ್‌ಬಾಲಿನ ನಿಯಮವೇ ಬದಲಾಯಿತು. 2017ರಲ್ಲಿ ಬಾಸ್ಕೆಟ್‌ಬಾಲಿನ ನಿಯಮವೂ ಬದಲಾಯಿತು. ಅದೇ 2017ರಲ್ಲಿ ಸೌದಿ ಅರೇಬಿಯಾವು ತನ್ನ ಸರಕಾರಿ ಶಾಲೆಗಳ ಹೆಣ್ಣುಮಕ್ಕಳಿಗೆ ದೈಹಿಕ ಶಿಕ್ಷಣವನ್ನು ಘೋಷಿಸಿತು. ಅಮೆರಿಕದ ಇಬ್ತಿಹಾಜ್ ಮುಹಮ್ಮದ್ ಬಾಲ್ಯದಲ್ಲಿ ಕತ್ತಿವರಸೆಯನ್ನು ಆರಿಸಿಕೊಂಡದ್ದಕ್ಕೆ ಮುಖ್ಯ ಕಾರಣ, ಆ ಆಟದ ಉಡುಪು ಮೈಯನ್ನೆಲ್ಲ ಮುಚ್ಚುತ್ತದೆ ಎಂಬುದು. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಹಿಜಾಬಿನಲ್ಲೇ ಆಡಿ ತನ್ನ ತಂಡದೊಂದಿಗೆ ಕಂಚು ಗೆದ್ದರು. ಮಗಳಿಗೆ ಒಪ್ಪುವ ಆಟವನ್ನು ಹುಡುಕುವ ಮನಸ್ಸು ಆ ಮನೆಯಲ್ಲಿತ್ತು. ನಮ್ಮ ಮನೆಗಳಲ್ಲಿ ಅದಿದೆಯೇ?

ಮಗುವಿನ ದಿನಚರಿ ಮತ್ತು ನಮ್ಮ ನೆಪಗಳು

ನಾನು ಮದ್ರಸದಲ್ಲಿ ಕಲಿತವನು. ಆದ್ದರಿಂದ ಈ ಮಾತನ್ನು ಹೇಳುವ ಸಲುಗೆ ನನಗಿದೆ. ನಮ್ಮ ಅನೇಕ ಊರುಗಳಲ್ಲಿ ಒಂದು ಮಗುವಿನ ದಿನ ಹೇಗೆ ಸಾಗುತ್ತದೆ ನೋಡಿ. ಬೆಳಗ್ಗೆ ಆರೂವರೆಗೆ ಮದ್ರಸ. ಒಂಬತ್ತರಿಂದ ನಾಲ್ಕರವರೆಗೆ ಶಾಲೆ. ಸಂಜೆ ಟ್ಯೂಷನ್. ಮಗ್ರಿಬ್‌ನ ಬಳಿಕ ಮತ್ತೆ ಓದು. ರಾತ್ರಿ ಕೈಗೆ ಮೊಬೈಲ್. ಈ ದಿನದಲ್ಲಿ ಅಸರ್ ಮತ್ತು ಮಗ್ರಿಬ್‌ನ ನಡುವಿನ ಹೊತ್ತನ್ನಾದರೂ ಮಗುವಿಗೆ ಬಿಟ್ಟುಕೊಡಲು ನಮಗೆ ಸಾಧ್ಯವಾಗಿಲ್ಲ. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 146 ದೇಶಗಳ ಮಾಹಿತಿಯನ್ನಾಧರಿಸಿ ಅದು 2019ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 11ರಿಂದ 17 ವರ್ಷದವರಲ್ಲಿ ಶೇ. 81 ಮಂದಿಗೆ ಅದು ಸಿಗುತ್ತಿರಲಿಲ್ಲ. ಹುಡುಗರಲ್ಲಿ ಶೇ. 78, ಹುಡುಗಿಯರಲ್ಲಿ ಶೇ. 85. ಇದು ಮುಸ್ಲಿಮರ ಸಮಸ್ಯೆ ಮಾತ್ರವಲ್ಲ, ನಿಜ. ಆದರೆ ಎಲ್ಲರ ಮನೆಗೂ ಬೆಂಕಿ ಬಿದ್ದಿದೆಯೆಂದು ನಮ್ಮ ಮನೆಯ ಬೆಂಕಿಯನ್ನು ಆರಿಸದೆ ಕೂರಲಾಗುವುದೇ?

ಇದರ ಫಲವನ್ನು ನಾವು ಉಣ್ಣುತ್ತಲೂ ಇದ್ದೇವೆ. ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನವು 2023ರಲ್ಲಿ ತಿಳಿಸಿತು. ನಮ್ಮ ಮದುವೆ ಮನೆಗಳ ಊಟದ ಮೇಜಿನಲ್ಲಿ ಬಿರಿಯಾನಿಯ ಪಕ್ಕದಲ್ಲೇ ಮಾತ್ರೆಯ ಪೊಟ್ಟಣ ಬಿಚ್ಚುವವರ ಸಾಲು ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿಲ್ಲವೇ? ನಲ್ವತ್ತರಲ್ಲಿ ವೈದ್ಯರ ಮಾತಿಗೆ ಹೆದರಿ ನಡೆಯಲು ಹೊರಡುವವನು ಹದಿನಾಲ್ಕರಲ್ಲಿ ಓಡಲು ಹಾತೊರೆಯುತ್ತಿದ್ದ. ಆಗ ಅವನನ್ನು ಕೂರಿಸಿದವರು ನಾವು.

ಧರ್ಮದ ಹೆಸರಿನಲ್ಲಿ ಒಂದು ಆಕ್ಷೇಪವಿದೆ. ಆಟವೆಂಬುದು ‘ಲಹ್ವ್’, ಸಮಯ ವ್ಯರ್ಥಗೊಳಿಸುವ ವಿನೋದ ಎಂದು. ಪವಿತ್ರ ಕುರ್‌ಆನ್ ಇಹಲೋಕದ ಬದುಕನ್ನು ಆಟ ಮತ್ತು ವಿನೋದವೆಂದು ಕರೆದಿರುವುದು ಪರಲೋಕವನ್ನು ಮರೆತವರಿಗೆ ನೀಡಿದ ಎಚ್ಚರಿಕೆ. ಅದನ್ನು ಮಕ್ಕಳ ಓಟದ ಮೇಲೆ ಹೇರುವವರು ಸೂರಃ ಯೂಸುಫ್‌ನ ಆರಂಭದ ಭಾಗವನ್ನು ಓದಬೇಕು. ನಾಳೆ ಯೂಸುಫ್(ಅ)ರನ್ನು ನಮ್ಮ ಜೊತೆ ಕಳುಹಿಸಿ, ಅವನು ತಿಂದು ಆಡಲಿ ಎಂದು ಸಹೋದರರು ತಂದೆಯಲ್ಲಿ ಕೇಳುತ್ತಾರೆ. ಅವರ ಒಳಗಿನ ಸಂಚು ಬೇರೆ. ಆದರೆ ಪ್ರವಾದಿ ಯಾಕೂಬ್(ಅ) ಆಟವನ್ನು ಆಕ್ಷೇಪಿಸಲಿಲ್ಲ. ನೀವು ಗಮನಿಸದಿರುವಾಗ ತೋಳ ಅವನನ್ನು ತಿಂದೀತು ಎಂಬುದಷ್ಟೇ ಅವರ ಭಯವಾಗಿತ್ತು. ಮಗು ಆಡಬೇಕು, ಹಿರಿಯರು ಕಾಯಬೇಕು - ಇದು ಅದರಲ್ಲಿರುವ ಪಾಠ. ಹಗಲೆಲ್ಲ ಉಪವಾಸ, ಇರುಳೆಲ್ಲ ನಮಾಝ್ ಎಂದು ತನ್ನನ್ನು ದಣಿಸಿಕೊಂಡ ಅಬ್ದುಲ್ಲಾ ಬಿನ್ ಅಮ್ರ್(ರ)ರಿಗೆ ಪ್ರವಾದಿ(ಸ)ರು, ದೇಹಕ್ಕೂ ನಿನ್ನ ಮೇಲೆ ಹಕ್ಕಿದೆ ಎಂದು ತಿಳಿ ಹೇಳಿದ್ದರು. ಆರಾಧನೆಗಾಗಿಯೂ ಕಸಿಯಬಾರದ ಹಕ್ಕನ್ನು ಅಂಕಗಳಿಗಾಗಿ ಕಸಿಯಬಹುದೇ?

ಹಾಗಾದರೆ ಅಂಕಗಳು ಬೇಡವೇ ಎಂದು ಕೇಳಬಹುದು. ಬೇಕು. ಶಿಕ್ಷಣದಲ್ಲಿ ಹಿಂದುಳಿದ ಈ ಸಮುದಾಯಕ್ಕೆ ಅಂಕಗಳು ಖಂಡಿತ ಬೇಕು. ಆದರೆ ವಾರಕ್ಕೆ ಎಂಬತ್ತು ನಿಮಿಷಗಳ ಆಟವನ್ನು ಕಿತ್ತುಕೊಂಡು ಏರಿಸಬೇಕಾದ ಫಲಿತಾಂಶವಾದರೆ, ದೋಷವಿರುವುದು ಉಳಿದ ಮೂವತ್ತು ಗಂಟೆಗಳ ನಮ್ಮ ಬೋಧನೆಯಲ್ಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ವಿರೋಧಿಸಲು ನಮಗೆ ಹತ್ತು ಕಾರಣಗಳಿರಬಹುದು. ಆದರೆ ಪಠ್ಯ ಮತ್ತು ಪಠ್ಯೇತರ ಎಂಬ ಗೋಡೆ ಬೇಡವೆಂಬ ಅದರ ಮಾತು ಸರಿಯಾದದ್ದು.

ಕೊನೆಯದಾಗಿ, ಈ ಬರಹವನ್ನು ಓದಿ ತಲೆದೂಗಿ ಪತ್ರಿಕೆಯನ್ನು ಮಡಚಿಡಬೇಡಿ. ನಿಮ್ಮ ಮಗುವಿನ ವೇಳಾಪಟ್ಟಿಯನ್ನು ಇಂದು ರಾತ್ರಿಯೇ ತೆರೆದು, ಕಳೆದ ತಿಂಗಳು ಎಷ್ಟು ದಿನ ಅಂಗಳಕ್ಕೆ ಇಳಿದೆ ಎಂದು ಮಗುವಿನಲ್ಲೇ ಕೇಳಿ. ಆಡದಿದ್ದರೆ ಯಾಕೆಂದು ಕೇಳಿ, ಉತ್ತರಕ್ಕೆ ಕಾಯಿರಿ. ಮಗು ಸರಕಾರಿ ಶಾಲೆಯಲ್ಲಿದ್ದರೆ ಎಸ್‌ಡಿಎಂಸಿ ಸಭೆಯಲ್ಲಿ, ನಮ್ಮ ಶಾಲೆಯಲ್ಲಿದ್ದರೆ ಹೆತ್ತವರ ಸಭೆಯಲ್ಲಿ ಆ ಉತ್ತರವನ್ನು ಮುಂದಿಡಿ. ಖತೀಬರು ವರ್ಷದಲ್ಲಿ ಒಂದು ಜುಮಾ ಖುತ್ಬಾವನ್ನಾದರೂ ಇದಕ್ಕೆ ಮೀಸಲಿಡಲಿ. ಮದ್ರಸದ ಆಡಳಿತ ಸಮಿತಿಯವರು ಸಂಜೆಯ ಒಂದು ಗಂಟೆಯನ್ನು ಮಕ್ಕಳಿಗೆ ಮರಳಿಸಲಿ.

ಅಂದು ಹಿಂದಿನ ಸಾಲಿನಲ್ಲಿ ಎದ್ದು ನಿಂತ ಆ ತಾಯಿ ಒಬ್ಬರೇ ಇದ್ದರು. ಆದ್ದರಿಂದಲೇ ಕೂರಬೇಕಾಯಿತು. ಮುಂದಿನ ಸಭೆಯಲ್ಲಿ ಅವರು ಮತ್ತೆ ಎದ್ದರೆ ಅವರ ಬೆನ್ನಿಗೆ ಇನ್ನೂ ಹತ್ತು ಮಂದಿ ಏಳಬೇಕು. ಇನ್ಶಾ ಅಲ್ಲಾಹ್, ಆ ಹತ್ತರಲ್ಲಿ ನಾನೂ ಒಬ್ಬನಾಗಿರುತ್ತೇನೆ.